ಹಿಂದಿನ ಗೋಡೆಗೆ ಹೊಟ್ಟೆ ಬಂದಿದೆ: ಇಳಿಜಾರಿನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ಆಲ್ದೂರು ಹತ್ತಿರದ ನಮ್ಮ ಮನೆ ಇಳಿಜಾರಿನಲ್ಲಿದೆ. ತೋಟದ ಕಡೆಯಿಂದ ನೋಡಿದರೆ ಎರಡು ಅಂತಸ್ತು, ರಸ್ತೆ ಕಡೆಯಿಂದ ಒಂದೇ. ಕೆಳಗಿನ ಅಂತಸ್ತಿನ ಹಿಂದಿನ ಗೋಡೆ ಪೂರ್ತಿ ಮಣ್ಣಿಗೆ ಅಂಟಿಕೊಂಡಿದೆ. 2019ರ ಆಗಸ್ಟ್ ಮಳೆಯಲ್ಲಿ ಆ ಗೋಡೆ ಒಳಗೆ ಉಬ್ಬಿತು. ಸರಿ ಮಾಡಿಸಲು ಎರಡು ಬೇಸಿಗೆ ಬೇಕಾಯಿತು, ಅದರಲ್ಲಿ ಮೊದಲನೆಯದು ತಪ್ಪು ಕೆಲಸಕ್ಕೇ ಹೋಯಿತು. ಆಮೇಲಿಂದ ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯ ನೆಂಟರು, ಪರಿಚಯದವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ.

ಬೇಸ್‌ಮೆಂಟ್ ಗೋಡೆ ಅಂದರೆ ಪಾಯದ ಕಟ್ಟು ಅಲ್ವಾ?

ಈ ಗೊಂದಲ ಮೊದಲೇ ಬಿಡಿಸಿಕೊಳ್ಳೋಣ. ನಮ್ಮ ಕಡೆ ಮೇಸ್ತ್ರಿಗಳು ಬೇಸ್‌ಮೆಂಟ್ ಅಂದರೆ ಪಾಯದ ಮೇಲಿಂದ ನೆಲಮಟ್ಟದವರೆಗಿನ ಕಟ್ಟು ಅಂತ ಅರ್ಥ. ಇಲ್ಲಿ ನಾನು ಹೇಳುತ್ತಿರುವುದು ನೆಲಮಾಳಿಗೆಯ ಗೋಡೆ ಬಗ್ಗೆ. ಸೆಲ್ಲಾರ್ ಅನ್ನಿ, ಕೆಳಮನೆ ಅನ್ನಿ, ಒಂದು ಕಡೆ ಕೋಣೆ, ಇನ್ನೊಂದು ಕಡೆ ಮಣ್ಣು ಇರುವ ಗೋಡೆ. ದರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕಡಿದು ಕಟ್ಟಿದ ಮನೆಗಳಲ್ಲಿ ಇಂಥ ಗೋಡೆ ಒಂದಾದರೂ ಇರುತ್ತದೆ. ಕಾಫಿ ಚೀಲ ಇಡುವ ಕೋಣೆ, ಹೋಂಸ್ಟೇ ಮಾಡಿದ ಕೆಳಗಿನ ರೂಮು, ಕಾರು ನಿಲ್ಲಿಸುವ ಜಾಗ, ಎಲ್ಲಾ ಇದೇ ಲೆಕ್ಕ.

ಗೋಡೆ ಯಾಕೆ ಉಬ್ಬುತ್ತದೆ? ಕಟ್ಟಿದವರ ತಪ್ಪಾ?

ಕಟ್ಟಿದವರ ತಪ್ಪೂ ಇರಬಹುದು. ಆದರೆ ತಳ್ಳುವುದು ನೀರು. ಈ ಒಂದು ಮಾತು ಅರ್ಥವಾದರೆ ಉಳಿದದ್ದೆಲ್ಲಾ ಸುಲಭ.

10 ಅಡಿ ಎತ್ತರದ ಗೋಡೆ ಹಿಂದೆ ಒಣ ಮಣ್ಣಿದೆ ಅಂತ ಇಟ್ಟುಕೊಳ್ಳಿ. ಗೋಡೆಯ ಪ್ರತಿ ಒಂದು ಮೀಟರ್ ಉದ್ದಕ್ಕೆ ಆ ಮಣ್ಣು ಸುಮಾರು ಎರಡೂವರೆಯಿಂದ ಮೂರು ಟನ್‌ನಷ್ಟು ತಳ್ಳುತ್ತದೆ. ಅದೇ ಮಣ್ಣಿನಲ್ಲಿ ನೀರು ಗೋಡೆಯ ತಲೆವರೆಗೆ ನಿಂತರೆ ನೀರಿನದೊಂದೇ ನಾಲ್ಕೂವರೆ ಟನ್. ನೀರಲ್ಲಿ ಮುಳುಗಿದ ಮಣ್ಣಿನ ತಳ್ಳುವ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ, ಆದರೂ ಅದೂ ಸೇರಿ ಆರು ಟನ್ ಹತ್ತಿರ ಹೋಗುತ್ತದೆ. ಗೋಡೆ ಅದೇ, ಮಣ್ಣೂ ಅದೇ, ಒತ್ತಡ ಮಾತ್ರ ಎರಡು ಪಟ್ಟು. ಎತ್ತರದ ಲೆಕ್ಕವೂ ಹೀಗೇ ಮೋಸ ಮಾಡುತ್ತದೆ. 6 ಅಡಿ ಗೋಡೆಯನ್ನು 12 ಅಡಿ ಮಾಡಿದರೆ ತಳ್ಳುವ ಬಲ ಎರಡು ಪಟ್ಟು ಆಗುವುದಿಲ್ಲ, ನಾಲ್ಕು ಪಟ್ಟು ಆಗುತ್ತದೆ.

ನಮ್ಮ ಕಡೆ ಇಂಥ ಗೋಡೆಗಳನ್ನು ಮಾಮೂಲಿ ಕೋಣೆಯ ಗೋಡೆ ಹಾಗೆಯೇ 6 ಇಂಚು, 8 ಇಂಚು ಸಾಲಿಡ್ ಬ್ಲಾಕ್‌ನಲ್ಲಿ ಎಬ್ಬಿಸುತ್ತಾರೆ, ಕಬ್ಬಿಣ ಇರುವುದಿಲ್ಲ, ಹಿಂದೆ ಉಳಿದ ಜಾಗಕ್ಕೆ ಜೆಸಿಬಿಯಲ್ಲಿ ತೆಗೆದ ಜೇಡಿಮಣ್ಣು, ಒಡೆದ ಇಟ್ಟಿಗೆ, ಖಾಲಿ ಸಿಮೆಂಟ್ ಚೀಲ ಎಲ್ಲಾ ತಳ್ಳಿ ಮುಚ್ಚಿಬಿಡುತ್ತಾರೆ. ಆ ಜಾಗ ನೀರು ಹಿಡಿದಿಡುವ ತೊಟ್ಟಿಯಾಗುತ್ತದೆ. ಜುಲೈ ಕೊನೆ, ಆಗಸ್ಟ್‌ನಲ್ಲಿ ಪುಷ್ಯ, ಆಶ್ಲೇಷ ಮಳೆ ಹಿಡಿದಾಗ ದರೆಯಲ್ಲಿ ಜಲ ಏಳುತ್ತದೆ, ಅಂದರೆ ಭೂಮಿಯೊಳಗಿಂದ ನೀರು ಒಸರುತ್ತದೆ, ಅದು ಇಳಿದು ಬಂದು ಇಲ್ಲೇ ನಿಲ್ಲುತ್ತದೆ. ಬ್ಲಾಕ್ ಗೋಡೆ ಮೇಲಿನ ಭಾರ ಹೊರಲು ಗಟ್ಟಿ. ಪಕ್ಕದಿಂದ ಬಗ್ಗಿಸಿದರೆ ತಡೆಯುವುದಿಲ್ಲ.

ಬಿರುಕು ಎಲ್ಲಾ ಮನೆಯಲ್ಲೂ ಇರುತ್ತದೆ. ಯಾವುದಕ್ಕೆ ಹೆದರಬೇಕು?

ಅಡ್ಡ ಬಿರುಕಿಗೆ. ಗೋಡೆಯ ಅರ್ಧ ಎತ್ತರದ ಆಸುಪಾಸಿನಲ್ಲಿ ಎಡದಿಂದ ಬಲಕ್ಕೆ ಗೆರೆ ಎಳೆದ ಹಾಗೆ ಹೋಗಿದ್ದರೆ, ಮೂಲೆಗಳ ಹತ್ತಿರ ಅದು ಬ್ಲಾಕ್ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಅಥವಾ ಕೆಳಗೆ ತಿರುಗಿದ್ದರೆ, ಗೋಡೆ ಮಣ್ಣಿನ ಒತ್ತಡಕ್ಕೆ ಬಗ್ಗುತ್ತಿದೆ ಅಂತಲೇ ತಿಳಿಯಿರಿ. ಕೂದಲೆಳೆಯಷ್ಟು ಸಣ್ಣ, ನೆಟ್ಟಗೆ ಮೇಲಿಂದ ಕೆಳಗೆ ಇಳಿದ ಬಿರುಕು ಸಾಮಾನ್ಯವಾಗಿ ಸಿಮೆಂಟ್ ಒಣಗುವಾಗ ಬಂದದ್ದು. ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಮೇಲೆ ಅಗಲ, ಕೆಳಗೆ ಚೂಪು ಇರುವ ಬಿರುಕು ಹೆಚ್ಚಾಗಿ ಪಾಯ ಕುಸಿದದ್ದರ ಗುರುತು. ಅದು ಬೇರೆ ಕಾಯಿಲೆ, ಬೇರೆ ಔಷಧಿ.

ಉಬ್ಬುವುದರಲ್ಲೂ ಮೂರು ಬಗೆ ಇದೆ. ತಳವೂ ತಲೆಯೂ ಹಿಡಿದುಕೊಂಡಿದ್ದು ನಡುವೆ ಹೊಟ್ಟೆ ಬರುವುದು ಒಂದು. ಮೇಲೆ ಸ್ಲ್ಯಾಬ್ ಹಿಡಿತ ಇಲ್ಲದೆ ತಲೆ ಮುಂದಕ್ಕೆ ವಾಲುವುದು ಇನ್ನೊಂದು. ಕೆಳಗಿನ ಒಂದು ವರಸೆಯೇ ಒಳಕ್ಕೆ ಜಾರಿ, ನೆಲದ ಹತ್ತಿರ ಮೆಟ್ಟಿಲಿನ ಹಾಗೆ ಕಾಣುವುದು ಮೂರನೆಯದು. ಮೂರನೆಯದು ಕಣ್ಣಿಗೆ ಬೇಗ ಬೀಳುವುದಿಲ್ಲ, ನೆಲದ ಅಂಚಿಗೆ ಕೈ ಸವರಿ ನೋಡಬೇಕು.

ಇನ್ನೊಂದು ವಿಷಯ. ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲಗಳನ್ನು ಗೋಡೆಗೆ ಒತ್ತಿ ಅಟ್ಟಿ ಹಾಕಿರುತ್ತೇವೆ. ನಮ್ಮ ಮನೆಯ ಬಿರುಕು ಎಷ್ಟು ವರ್ಷದಿಂದ ಇತ್ತೋ, ಆ ಚೀಲಗಳ ಹಿಂದೆ ಯಾರೂ ನೋಡಿರಲಿಲ್ಲ. ವರ್ಷಕ್ಕೊಮ್ಮೆ ಗೋಡೆ ಖಾಲಿ ಮಾಡಿ, ಟಾರ್ಚ್ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ. ಉಬ್ಬು ಇದ್ದರೆ ನೆರಳು ಬೀಳುತ್ತದೆ.

ಎಷ್ಟು ಉಬ್ಬಿದೆ ಅಂತ ಅಳೆಯೋದು ಹೇಗೆ?

ಮೇಸ್ತ್ರಿಯ ತೂಕದ ಗುಂಡು ಸಾಕು. ಗೋಡೆ ತಲೆಯಲ್ಲಿ ಒಂದು ಮರದ ತುಂಡು ಹೊಡೆದು, ಗೋಡೆಯಿಂದ ಸರಿಯಾಗಿ 4 ಇಂಚು ಈಚೆಗೆ ದಾರ ಇಳಿಬಿಡಿ. ಗುಂಡು ಅಲುಗಾಡುವುದು ನಿಂತ ಮೇಲೆ ಪ್ರತಿ ಒಂದಡಿಗೂ ದಾರದಿಂದ ಗೋಡೆವರೆಗೆ ಸ್ಕೇಲ್ ಹಿಡಿದು ಬರೆದುಕೊಳ್ಳಿ. ಎಲ್ಲಾ ಕಡೆ 4 ಇದ್ದು ನಡುವೆ ಎರಡೂವರೆ ಬಂದರೆ ಒಂದೂವರೆ ಇಂಚು ಹೊಟ್ಟೆ ಬಂದಿದೆ ಅಂತ ಲೆಕ್ಕ. ಉದ್ದದ ಗೋಡೆಯಾದರೆ ಮೂಲೆಯಿಂದ ಮೂಲೆಗೆ ಅಡ್ಡ ದಾರ ಕಟ್ಟಿಯೂ ಅಳೆಯಿರಿ. ರಸಮಟ್ಟ ಇಟ್ಟರೆ ವಾಲಿದ್ದು ಗೊತ್ತಾಗುತ್ತದೆ, ಎಷ್ಟು ಅಂತ ಗೊತ್ತಾಗುವುದಿಲ್ಲ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಬಿರುಕಿಗೆ ಅಡ್ಡವಾಗಿ ಒಂದು ತೆಳು ಗಾಜಿನ ಚೂರನ್ನು ಎರಡು ಕಡೆ ಸಿಮೆಂಟ್‌ನಿಂದ ಅಂಟಿಸುವುದು ಹಳೆಯ ಉಪಾಯ, ಗೋಡೆ ಜರುಗಿದರೆ ಗಾಜು ಒಡೆಯುತ್ತದೆ. ಮೇ ತಿಂಗಳಲ್ಲಿ ಒಂದು ಸಲ, ಮಳೆಗಾಲದಲ್ಲಿ ವಾರಕ್ಕೊಂದು ಸಲ, ಅಕ್ಟೋಬರ್‌ನಲ್ಲಿ ಒಂದು ಸಲ ಅಳತೆ ಬರೆದಿಟ್ಟರೆ, ಇಂಜಿನಿಯರ್ ಬಂದಾಗ ನಿಮ್ಮ ಆ ನೋಟ್‌ಬುಕ್ಕೇ ಅವರಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಹತ್ತು ವರ್ಷದಿಂದ ನಿಂತಲ್ಲೇ ನಿಂತ ಒಂದು ಇಂಚು ಬೇರೆ, ಈ ಮಳೆಯಲ್ಲೇ ಬಂದ ಒಂದು ಇಂಚು ಬೇರೆ.

ಎಷ್ಟು ಇಂಚು ಆದರೆ ಅಪಾಯ?

ಒಂದೇ ಸಂಖ್ಯೆ ಹೇಳಿದರೆ ಮೋಸ ಆಗುತ್ತದೆ, ಗೋಡೆ ದಪ್ಪದ ಮೇಲೆ ಹೋಗುತ್ತದೆ. ಕಟ್ಟಡದವರಲ್ಲಿ ಒಂದು ಹಳೆಯ ಅಂದಾಜು ಇದೆ: ಗೋಡೆ ತನ್ನ ದಪ್ಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಾಲಿದರೆ ಅದನ್ನು ನಂಬಬೇಡಿ. 6 ಇಂಚಿನ ಗೋಡೆಗೆ 2 ಇಂಚು, 9 ಇಂಚಿನ ಗೋಡೆಗೆ 3 ಇಂಚು. ಒಂದು ಇಂಚಿನೊಳಗೆ ಇದ್ದು ಜರುಗುವುದು ನಿಂತಿದ್ದರೆ ನೀರಿನ ದಾರಿ ಸರಿ ಮಾಡಿ ಅಳೆಯುತ್ತಾ ಇರಬಹುದು. ಎರಡು ಇಂಚಿನ ಹತ್ತಿರ ಬಂದರೆ ಗೋಡೆಗೆ ಆಸರೆ ಕೊಡಲೇಬೇಕು. ಅದಕ್ಕೂ ಮೀರಿದರೆ ಇಂಜಿನಿಯರ್ ಬಂದು ನೋಡುವವರೆಗೆ ಆ ಕೋಣೆಯಲ್ಲಿ ಯಾರೂ ಮಲಗಬೇಡಿ.

ಜೋರು ಮಳೆ ನಡುವೆ ಗೋಡೆ ಜರುಗಿದರೆ?

ಹೊರಗೆ ಬನ್ನಿ. ಸಾಮಾನು ಆಮೇಲೆ.

ಬಿರುಕಿನಿಂದ ತಿಳಿನೀರು ಬರುತ್ತಿದ್ದರೆ ಒಂದಿಷ್ಟು ಸಮಯ ಇದೆ ಅಂತ ಇಟ್ಟುಕೊಳ್ಳಬಹುದು. ಕೆಂಪು ಕದಡು ನೀರು ಬಂದರೆ ಹಿಂದಿನ ಮಣ್ಣೇ ಕೊಚ್ಚಿ ಬರುತ್ತಿದೆ ಅಂತ ಅರ್ಥ. ಬೆಳಿಗ್ಗೆ ಇದ್ದ ಬಿರುಕು ಸಂಜೆಗೆ ಅಗಲವಾದರೆ, ಗೋಡೆಯೊಳಗೆ ಚಟಚಟ ಸದ್ದು ಕೇಳಿದರೆ, ಬಾಗಿಲು ಇದ್ದಕ್ಕಿದ್ದ ಹಾಗೆ ಬಿಗಿಯಾದರೆ ಕಾಯಬೇಡಿ. ಎಲ್ಲಕ್ಕಿಂತ ಕೆಟ್ಟ ಗುರುತು ಮನೆ ಹಿಂದೆ ಮೇಲಿನ ನೆಲದಲ್ಲಿ ಗೋಡೆಗೆ ಸಮವಾಗಿ ಉದ್ದಕ್ಕೆ ಬಾಯಿ ಬಿಟ್ಟ ಬಿರುಕು. ಅಲ್ಲಿ ಗೋಡೆಯ ಪ್ರಶ್ನೆ ಮುಗಿದು ದರೆಯ ಪ್ರಶ್ನೆ ಶುರುವಾಗಿರುತ್ತದೆ. 2019ರಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ, 2024ರ ಜುಲೈಯಲ್ಲಿ ಸಕಲೇಶಪುರದ ದೊಡ್ಡತಪ್ಪಲಿನಲ್ಲಿ ಗುಡ್ಡ ಇಳಿದದ್ದನ್ನು ನಾವೆಲ್ಲಾ ನೋಡಿದ್ದೇವೆ. ಜಿಲ್ಲಾ ವಿಪತ್ತು ಸಹಾಯವಾಣಿ 1077, ತುರ್ತಿಗೆ 112. ಗೋಡೆ ಮೇಲಿನ ನೆಲಕ್ಕೆ ಟಾರ್ಪಾಲು ಹೊದಿಸುವುದು ಒಳ್ಳೆಯದೇ, ಆದರೆ ಹಗಲಲ್ಲಿ, ಮಳೆ ಬಿಟ್ಟಾಗ, ನೆಲ ಗಟ್ಟಿ ಇದೆ ಅಂತ ಖಾತ್ರಿ ಇದ್ದರೆ ಮಾತ್ರ. ರಾತ್ರಿ ಹೋಗಿ ಗೋಡೆಗೆ ಮರಳು ಮೂಟೆ ಒತ್ತಿ ನಿಲ್ಲುವ ಕೆಲಸ ದಯವಿಟ್ಟು ಯಾರೂ ಮಾಡಬೇಡಿ.

ಬಿರುಕಿಗೆ ಸಿಮೆಂಟ್ ತುಂಬಿ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಲದಾ?

ನಾವು ಮೊದಲ ಬೇಸಿಗೆಯಲ್ಲಿ ಮಾಡಿಸಿದ್ದು ಇದನ್ನೇ. ಕೆಲಸ ಹಿಡಿದವರು ಬಿರುಕು ಕೊರೆದು, ಕೆಮಿಕಲ್ ತುಂಬಿ, ಮೇಲೆ ಎರಡು ಕೋಟ್ ಹೊಡೆದು, ಇನ್ನು ಹನಿ ನೀರು ಬರಲ್ಲ ಅಂದರು. ಅವರು ಹೇಳಿದ್ದು ನಿಜವೇ ಆಯಿತು. ಆರಿದ್ರಾ ಮಳೆ ಮುಗಿಯುವವರೆಗೂ ಒಂದು ಹನಿ ಬರಲಿಲ್ಲ. ಆದರೆ ಮೊದಲು ಬಿರುಕಿನಲ್ಲಿ ಸೋರಿ ಹೋಗುತ್ತಿದ್ದ ನೀರು ಈಗ ಗೋಡೆ ಹಿಂದೆ ನಿಂತಿತು. ಜುಲೈ ಕೊನೆಗೆ ಮುಕ್ಕಾಲು ಇಂಚಿದ್ದ ಹೊಟ್ಟೆ ಒಂದೂವರೆ ಇಂಚಾಯಿತು. ಅಮ್ಮ ಆ ಕೋಣೆ ಪಕ್ಕದಲ್ಲೇ ಮಲಗುತ್ತಿದ್ದರು, ಅದನ್ನು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಹಿಂದಿನ ನೀರಿಗೆ ದಾರಿ ಮಾಡದೆ ಮುಂದಿನ ಸೋರಿಕೆ ಮುಚ್ಚಬೇಡಿ, ಯಾರು ಎಷ್ಟು ವರ್ಷದ ಗ್ಯಾರಂಟಿ ಕೊಟ್ಟರೂ.

ಹಾಗಾದರೆ ಮೊದಲು ಏನು ಮಾಡಬೇಕು?

ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ. ಮಳೆ ಬರುವಾಗ ಕೊಡೆ ಹಿಡಿದು ಮನೆ ಹಿಂದೆ ಅರ್ಧ ಗಂಟೆ ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ನೋಡಿ.

ಸೂರಿನ ನೀರು ಎಲ್ಲಿ ಬೀಳುತ್ತಿದೆ? 1000 ಚದರಡಿ ಸೂರಿಗೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 9000 ಲೀಟರಿಗಿಂತ ಜಾಸ್ತಿ ನೀರಾಗುತ್ತದೆ, ನಮ್ಮಲ್ಲಿ ಜುಲೈಯಲ್ಲಿ ಅಂಥ ದಿನ ಬಂದೇ ಬರುತ್ತದೆ. ಅದರಲ್ಲಿ ಅರ್ಧ ಗೋಡೆ ಹಿಂದೆ ಸುರಿಯುತ್ತಿದ್ದರೆ ಇನ್ನೇನು ಬೇಕು? ಸೂರಿನ ಅಂಚಿಗೆ ನೀರು ಹಿಡಿಯುವ ದೋಣಿ ಹಾಕಿಸಿ, ಪೈಪಿನಲ್ಲಿ ಇಳಿಸಿ, ಮನೆ ದಾಟಿಸಿ ಬಿಡಿ. ಬಚ್ಚಲ ನೀರನ್ನು ಹಿತ್ತಲ ಬಾಳೆ ಬುಡಕ್ಕೆ ಬಿಟ್ಟಿರುತ್ತೇವೆ. ಆ ಬಾಳೆ ಗೋಡೆಗಿಂತ ಮೇಲಿದ್ದರೆ ಅದು ವರ್ಷವಿಡೀ ನಡೆಯುವ ಮಳೆ. ಇಂಗುಗುಂಡಿ, ಶೌಚದ ಗುಂಡಿ ಗೋಡೆಯ ಮೇಲ್ಭಾಗದಲ್ಲಿ ಇದ್ದರೂ ಅಷ್ಟೇ. ನೀರಿಂಗಿಸುವುದು ಒಳ್ಳೆಯ ಕೆಲಸ, ಈ ಗೋಡೆ ಹಿಂದೆ ಮಾತ್ರ ಬೇಡ.

ಆಮೇಲೆ ದರೆ ಮೇಲ್ಗಡೆ, ಗೋಡೆಯಿಂದ ದೂರದಲ್ಲಿ ಒಂದು ಅಡ್ಡ ಚರಂಡಿ ತೆಗೆಸಿ, ಅದಕ್ಕೆ ಸಿಮೆಂಟ್ ಹಾಸಿ. ಸಿಮೆಂಟ್ ಇಲ್ಲದ ಚರಂಡಿ ನೀರನ್ನು ದರೆಗೇ ಕುಡಿಸುತ್ತದೆ. ಗೋಡೆ ಪಕ್ಕದ ನೆಲ ಮನೆಯಿಂದ ಆಚೆಗೆ ಇಳಿಜಾರಾಗಿರಲಿ. ಅಲ್ಲಿ ಟ್ರ್ಯಾಕ್ಟರ್, ಲಾರಿ, ಇಟ್ಟಿಗೆ ರಾಶಿ ನಿಲ್ಲಿಸಬೇಡಿ, ಮೇಲಿನ ಆ ಭಾರವೂ ಗೋಡೆಯನ್ನೇ ತಳ್ಳುತ್ತದೆ. ಇಷ್ಟು ಮಾಡಿದ ಮೇಲೆ ಒಂದು ಮಳೆಗಾಲ ಅಳೆದು ನೋಡಿದಾಗ ಗೋಡೆ ಜರುಗುವುದು ನಿಂತಿರುವ ಮನೆಗಳೂ ಇವೆ.

ಗೋಡೆ ಹಿಂದೆ ಅಗೆದು ಪೈಪ್ ಹಾಕಿಸಲೇಬೇಕಾ?

ಜಲ ಏಳುವ ಜಾಗವಾದರೆ ಹೌದು. ಮೇಲಿನ ನೀರನ್ನು ಚರಂಡಿ ತಿರುಗಿಸಬಹುದು, ಭೂಮಿಯೊಳಗಿಂದ ಬರುವುದನ್ನು ಗೋಡೆ ಬುಡದಲ್ಲೇ ಹಿಡಿಯಬೇಕು. ಕೆಳಕೋಣೆಯ ನೆಲಕ್ಕಿಂತ ಸ್ವಲ್ಪ ಕೆಳಗಿನವರೆಗೆ ಅಗೆದು, ತೂತು ಕೊರೆದ 4 ಇಂಚಿನ ಪಿವಿಸಿ ಪೈಪನ್ನು ತೂತು ಕೆಳಗೆ ಬರುವ ಹಾಗೆ ಮಲಗಿಸಬೇಕು. 100 ಅಡಿಗೆ ಒಂದು ಅಡಿಯಾದರೂ ಇಳಿಜಾರು ಇರಲಿ. ಸುತ್ತ 20 ಅಥವಾ 40 ಎಂಎಂ ಜಲ್ಲಿ, ಜಲ್ಲಿಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಜೇಡಿ ಬಂದು ಮೂರ್ನಾಲ್ಕು ಮಳೆಗೇ ಕಟ್ಟಿಕೊಳ್ಳುತ್ತದೆ. ಗೋಡೆ ಉದ್ದಕ್ಕೂ ಒಂದಡಿ ಅಗಲ ಜಲ್ಲಿಯನ್ನೇ ಮೇಲಕ್ಕೆ ತುಂಬಿ, ಕೊನೆಯ ಒಂದಡಿ ಮಾತ್ರ ಜೇಡಿಮಣ್ಣು ಹಾಕಿ ದಮ್ಮಸ್ಸಿನಿಂದ ಬಡಿದು ಮುಚ್ಚಿ. ಇಳಿಜಾರಿನ ಮನೆಯವರಿಗೆ ಒಂದು ಅನುಕೂಲ ಇದೆ, ಪಂಪ್ ಬೇಡ, ಪೈಪನ್ನು ಮನೆ ಪಕ್ಕದಿಂದ ತೋಟದ ಕಡೆಗೆ ಬಿಟ್ಟರೆ ನೀರು ತಾನೇ ಇಳಿಯುತ್ತದೆ. ಪೈಪಿನ ಬಾಯಿಗೆ ಜಾಲರಿ ಹಾಕಿ, ಇಲಿ ಹೆಗ್ಗಣ ಗೂಡು ಕಟ್ಟುತ್ತವೆ.

ಅಗೆಯುವಾಗ ಹುಷಾರು. ಮೊದಲು ಒಳಗಿನಿಂದ ಗೋಡೆಗೆ ಹಲಗೆ ಇಟ್ಟು ಸರ್ವೆ ಮರ ಅಥವಾ ಜಾಕಿ ಒತ್ತಿ ಕೊಡಬೇಕು. ಇಡೀ ಉದ್ದ ಒಂದೇ ದಿನ ತೆಗೆಯಬಾರದು, ನಾಲ್ಕೈದು ಅಡಿ ತೆಗೆದು, ಮುಗಿಸಿ, ಮುಚ್ಚಿ, ಆಮೇಲೆ ಮುಂದಿನದು. ಐದಡಿ ಆಳದ ಗುಂಡಿಗೆ ಪಕ್ಕದ ಆಸರೆ ಇಲ್ಲದೆ ಆಳನ್ನು ಇಳಿಸಬೇಡಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ, ಮೇಲೆ ಬಿದ್ದರೆ ಎಳೆಯಲೂ ಆಗುವುದಿಲ್ಲ. ಕೂಲಿಗೆ ಬಂದವರ ಜೀವ ನಮ್ಮ ಜವಾಬ್ದಾರಿ.

ಗೋಡೆಗೆ ಬಲ ಕೊಡಲು ಏನೇನು ದಾರಿ ಇದೆ? ಕಾರ್ಬನ್ ಫೈಬರ್ ಹಚ್ಚಿದರೆ ಸಾಕಂತೆ?

ಕಾರ್ಬನ್ ಫೈಬರ್ ಪಟ್ಟಿ ಒಳ್ಳೆಯ ವಸ್ತುವೇ. ತೆಳುವಾಗಿರುತ್ತದೆ, ಜಾಗ ತಿನ್ನುವುದಿಲ್ಲ, ಎಳೆತಕ್ಕೆ ತುಂಬಾ ಗಟ್ಟಿ. ಆದರೆ ಹೊಟ್ಟೆ 2 ಇಂಚಿಗಿಂತ ಕಡಿಮೆ ಇರಬೇಕು, ಗೋಡೆ ಬ್ಲಾಕ್ ಅಥವಾ ಕಾಂಕ್ರೀಟಿನದ್ದಾಗಿರಬೇಕು, ಪ್ಲಾಸ್ಟರ್ ಕಿತ್ತು ಉಜ್ಜಿ ಒಣಗಿಸಿದ ಮೇಲೆ ಎಪಾಕ್ಸಿ ಅಂಟಿನಲ್ಲಿ ಹಚ್ಚಬೇಕು. ಒದ್ದೆ ಗೋಡೆಗೆ ಹಚ್ಚಿದರೆ ಎದ್ದು ಬರುತ್ತದೆ. ತಲೆ ವಾಲಿದ ಗೋಡೆಗೂ ತಳ ಜಾರಿದ ಗೋಡೆಗೂ ಪಟ್ಟಿಯೊಂದರಿಂದಲೇ ಏನೂ ಆಗುವುದಿಲ್ಲ. ಮಲೆನಾಡಿನ ತೇವದಲ್ಲಿ ಇದನ್ನು ಏಪ್ರಿಲ್‌ಗೆ ಮುಂಚೆ ಮಾಡಿಸದಿದ್ದರೆ ಮಾಡಿಸಲೇಬೇಡಿ ಅನ್ನುತ್ತೇನೆ.

ನಮ್ಮ ಮನೆಗೆ ಆಯ್ದುಕೊಂಡದ್ದು ಕಬ್ಬಿಣದ ಐ ಬೀಮ್. ನಾಲ್ಕು ಐದು ಅಡಿಗೊಂದು ಬೀಮ್ ನಿಲ್ಲಿಸಿ, ಬುಡವನ್ನು ನೆಲ ಒಡೆದು ಕಾಂಕ್ರೀಟಿನಲ್ಲಿ ಹೂತು, ತಲೆಯನ್ನು ಮೇಲಿನ ಸ್ಲ್ಯಾಬಿನ ಬೀಮಿಗೆ ಬೋಲ್ಟ್ ಹಾಕಿ, ಗೋಡೆಗೂ ಕಬ್ಬಿಣಕ್ಕೂ ನಡುವಿನ ಸಂದಿಗೆ ಒಣಗಿದರೂ ಕುಗ್ಗದ ಸಿಮೆಂಟ್ ಗ್ರೌಟ್ ತುಂಬುತ್ತಾರೆ. ಚಂದ ಕಾಣುವುದಿಲ್ಲ, ಆದರೆ ನಮ್ಮೂರ ವೆಲ್ಡಿಂಗ್ ಅಂಗಡಿಯವರೂ ಮೇಸ್ತ್ರಿಯೂ ಸೇರಿ ಮಾಡಬಲ್ಲ ಕೆಲಸ. ತಲೆ ಕಡೆ ಸರಿಯಾಗಿ ಹಿಡಿಸದಿದ್ದರೆ ಮಾತ್ರ ಬೀಮೂ ಗೋಡೆ ಜೊತೆಗೇ ವಾಲುತ್ತದೆ.

ಜಾಗ ಬಿಟ್ಟುಕೊಡುವ ಹಾಗಿದ್ದರೆ ಹಳೆ ಗೋಡೆ ಮುಂದೆ ಸರಿಯಾಗಿ ಕಬ್ಬಿಣ ಕಟ್ಟಿ 8 ಇಂಚು ಕಾಂಕ್ರೀಟ್ ಗೋಡೆ ಎಬ್ಬಿಸುವುದು ಗಟ್ಟಿ ಉಪಾಯ. ಗೋಡೆಗೆ ಅಡ್ಡವಾಗಿ ಅಲ್ಲಲ್ಲಿ ಆಸರೆ ಕಂಬ ಕಟ್ಟಬಹುದು, ಹಳೆ ತೋಟದ ಬಂಗಲೆಗಳಲ್ಲಿ ನೋಡಿರುತ್ತೀರಿ. ಗೋಡೆ ತೂರಿ ಹಿಂದಿನ ಗಟ್ಟಿ ನೆಲಕ್ಕೆ ಸರಳು ಹೊಡೆದು ಎಳೆದು ಹಿಡಿಯುವ ಆಂಕರ್ ಕೂಡ ಇದೆ. ಅದಕ್ಕೆ ಹತ್ತು ಹನ್ನೆರಡು ಅಡಿ ಹಿಂದೆ ನಿಮ್ಮದೇ ಜಾಗ ಇರಬೇಕು, ನಮ್ಮ ಮನೆಗಳ ಹಿಂದೆ ಹೆಚ್ಚಾಗಿ ರಸ್ತೆಯೋ ಪಕ್ಕದವರ ತೋಟವೋ ಇರುತ್ತದೆ.

ಉಬ್ಬಿದ ಗೋಡೆಯನ್ನು ವಾಪಸ್ ನೆಟ್ಟಗೆ ಮಾಡಬಹುದಾ?

ಹಿಂದಿನ ಮಣ್ಣು ತೆಗೆದು, ಒಳಗಿನಿಂದ ಜಾಕಿ ಕೊಟ್ಟು ನಿಧಾನಕ್ಕೆ ಒತ್ತಿದರೆ ಸ್ವಲ್ಪ ಹೋಗುತ್ತದೆ. ಬರೀ ಜಾಕಿ ಕೊಟ್ಟರೆ ಹೋಗುವುದಿಲ್ಲ, ಗೋಡೆ ಒಡೆಯುತ್ತದೆ. ನಾವು ಹಾಗೆಯೇ ಬಿಟ್ಟೆವು.

ನಮ್ಮದು ಹಳೆಯ ಕಲ್ಲಿನ ಗೋಡೆ. ಅದಕ್ಕೂ ಇದೇನಾ?

ಅಲ್ಲ. ಮಣ್ಣಿನ ಗಾರೆಯ ಕಾಡುಗಲ್ಲಿನ ಗೋಡೆ ಎರಡು ಪದರ ಇರುತ್ತದೆ, ನಡುವೆ ಚೂರುಗಲ್ಲು ತುಂಬಿರುತ್ತಾರೆ. ನೀರು ಹೋಗಿ ಒಳಗಿನ ಗಾರೆ ತೊಳೆದರೆ ಮುಂದಿನ ಪದರ ಮಾತ್ರ ಹೊಟ್ಟೆ ಬಿಡುತ್ತದೆ, ಹಿಂದಿನದು ನೆಟ್ಟಗೇ ಇರುತ್ತದೆ. ಇದಕ್ಕೆ ಪಟ್ಟಿ ಅಂಟಿಸಿ ಪ್ರಯೋಜನ ಇಲ್ಲ. ಆ ಭಾಗ ಬಿಚ್ಚಿ, ಎರಡೂ ಪದರ ಹಿಡಿಯುವ ಉದ್ದನೆಯ ಕಟ್ಟುಗಲ್ಲು ಇಟ್ಟು ಮತ್ತೆ ಕಟ್ಟಬೇಕು. ಮಣ್ಣು ಗಾರೆಯ ಗೋಡೆಗೆ ಮೇಲಿಂದ ಗಟ್ಟಿ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವ ಒಳಗೇ ಉಳಿದು ಇನ್ನೂ ಬೇಗ ಹಾಳಾಗುತ್ತದೆ. ಅಂಗಳದ ಹೊರಗಿನ ತಡೆಗೋಡೆಯಾದರೆ 3 ಇಂಚಿನ ಪೈಪ್ ತುಂಡನ್ನು ನಾಲ್ಕೈದು ಅಡಿಗೊಂದು ಹಾಕಿ ನೀರು ಹೊರಗೆ ಬಿಡಿ. ಗುಡ್ಡಗಾಡಿನ ತಡೆಗೋಡೆಗೆ ಅಂತಲೇ ಐಎಸ್ 14458 ಎಂಬ ಮಾನದಂಡ ಇದೆ, ನಿಮ್ಮ ಇಂಜಿನಿಯರ್‌ಗೆ ಅದನ್ನು ನೆನಪಿಸಿ.

ನಾವು ಅಜ್ಜಂಪುರದ ಕಡೆಯವರು. ಇಲ್ಲಿ ಅಷ್ಟು ಮಳೆಯೇ ಇಲ್ಲ, ಆದರೂ ಗೋಡೆ ಬಗ್ಗಿದೆ.

ನಿಮ್ಮದು ಎರೆ ಮಣ್ಣಿರಬೇಕು. ಅದು ನೀರು ಕುಡಿದರೆ ಊದುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಬೇಸಿಗೆಯ ಬಿರುಕಿಗೆ ಧೂಳು, ಕಲ್ಲು ಬಿದ್ದು ತುಂಬಿ, ಮತ್ತೆ ಮಳೆಗೆ ಊದಿದಾಗ ಜಾಗ ಸಾಲದೆ ಗೋಡೆಯನ್ನು ತಳ್ಳುತ್ತದೆ. ಗೋಡೆ ಪಕ್ಕದ ಎರೆ ಮಣ್ಣು ತೆಗೆದು ಗರಸು ಅಥವಾ ಎಂ ಸ್ಯಾಂಡ್, ಜಲ್ಲಿ ತುಂಬಿಸುವುದೇ ದಾರಿ.

ಯಾವ ತಿಂಗಳಲ್ಲಿ ಕೆಲಸ ಹಿಡಿಯಬೇಕು?

ಫೆಬ್ರುವರಿಯಿಂದ ಏಪ್ರಿಲ್. ಅದಕ್ಕೆ ಮುಂಚೆ ಕಾಫಿ ಕೊಯ್ಲು ಇರುತ್ತದೆ, ಆಳು ಸಿಗುವುದಿಲ್ಲ. ರೊಬಸ್ಟಾ ಇರುವವರಿಗೆ ಮಾರ್ಚ್ ಆಗಿಬಿಡುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಒಂದೆರಡು ಬಂದರೆ ತೊಂದರೆ ಇಲ್ಲ, ಅಗೆದ ಗುಂಡಿಗೆ ಟಾರ್ಪಾಲು ಇರಲಿ. ಮೇ ತಿಂಗಳಲ್ಲಿ ಯಾರಾದರೂ ಹದಿನೈದು ದಿನದಲ್ಲಿ ಮುಗಿಸುತ್ತೇನೆ ಅಂದರೆ ಒಪ್ಪಬೇಡಿ. ಮಳೆಗಾಲಕ್ಕೆ ಬಾಯಿ ತೆರೆದ ಗುಂಡಿ ಉಳಿದರೆ ಉಬ್ಬಿದ ಗೋಡೆಗಿಂತ ಅದೇ ದೊಡ್ಡ ಅಪಾಯ.

ಮೇಸ್ತ್ರಿ ಸಾಲದಾ? ಇಂಜಿನಿಯರ್ ಯಾಕೆ?

ಚರಂಡಿ, ದೋಣಿ, ಪೈಪ್ ಕೆಲಸಕ್ಕೆ ಒಳ್ಳೆ ಮೇಸ್ತ್ರಿ ಸಾಕು. ಬೀಮ್ ಎಷ್ಟು ದಪ್ಪ, ಕಾಂಕ್ರೀಟ್ ಗೋಡೆಗೆ ಕಬ್ಬಿಣ ಎಷ್ಟು ಅನ್ನುವುದು ಕಣ್ಣಂದಾಜಿನ ಕೆಲಸ ಅಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಇಂಜಿನಿಯರಿಂಗ್ ಕಾಲೇಜಿದೆ, ಸಿವಿಲ್ ಓದಿದವರಿಗೆ ಬರ ಇಲ್ಲ. ನಕ್ಷೆ ಮಾತ್ರ ಬರೆಯುವವರನ್ನು ಬಿಟ್ಟು ಸ್ಟ್ರಕ್ಚರಲ್ ಇಂಜಿನಿಯರ್ ಅಂತಲೇ ಕೇಳಿ. ಬಂದವರು ಮನೆ ಹಿಂದೆ ಹೋಗಿ ನೋಡದೆ, ಒಳಗಿನ ಗೋಡೆ ಮಾತ್ರ ನೋಡಿ ರೇಟು ಹೇಳಿದರೆ ಬೇರೆಯವರನ್ನು ಕರೆಸಿ.

ವಿಮೆ ಬರುತ್ತದಾ?

2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕುಸಿತ, ನೆಲ ಕುಸಿತ, ಪ್ರವಾಹ ಸೇರಿವೆ. ಆದರೆ ಕಟ್ಟಡ ಮಾಮೂಲಿಯಾಗಿ ಕೂರುವುದರಿಂದ ಬಂದ ಬಿರುಕು, ತುಂಬಿದ ಮಣ್ಣು ಕುಸಿದದ್ದು, ಕೆಟ್ಟ ವಿನ್ಯಾಸ, ಕೆಟ್ಟ ಕೆಲಸ ಇವಕ್ಕೆ ಬರುವುದಿಲ್ಲ. ಅಂದರೆ ನಿಧಾನಕ್ಕೆ ಉಬ್ಬಿದ ಗೋಡೆಗೆ ಆಸೆ ಇಟ್ಟುಕೊಳ್ಳಬೇಡಿ. ದರೆ ಕುಸಿದು ಗೋಡೆ ಬಿದ್ದರೆ ಮಣ್ಣು ತೆಗೆಯುವ ಮುಂಚೆ ಫೋಟೋ ತೆಗೆದು, ವಿಮೆಯವರಿಗೂ ಗ್ರಾಮ ಆಡಳಿತ ಅಧಿಕಾರಿಗೂ ಅದೇ ದಿನ ತಿಳಿಸಿ.

ಸರಿ ಮಾಡಿಸಿದ ಮೇಲೂ ಅಳೆಯುತ್ತಿರಬೇಕಾ?

ಎರಡು ಮಳೆಗಾಲವಾದರೂ ಅಳೆಯಿರಿ. ಪೈಪಿನ ಬಾಯಿಯನ್ನೂ ನೋಡಿ. ಜೋರು ಮಳೆಯಲ್ಲಿ ಅದರಿಂದ ನೀರು ಬರದಿದ್ದರೆ ಎಲ್ಲೋ ಕಟ್ಟಿಕೊಂಡಿದೆ, ಮೇಲಿನ ತುದಿಯಿಂದ ನೀರು ಬಿಟ್ಟು ತೊಳೆಯಬೇಕು. ಹಾಗೆ ಮಾಡಲು ಮೇಲೆ ಒಂದು ಮುಚ್ಚಳದ ಪೈಪ್ ಮೊದಲೇ ಬಿಟ್ಟಿರಬೇಕು, ಅಗೆಯುವಾಗಲೇ ಹೇಳಿ ಹಾಕಿಸಿ. ನಮ್ಮ ಮನೆಯಲ್ಲಿ ಪೈಪಿನ ನೀರು ಆಶ್ಲೇಷ ಮಳೆ ಕಳೆದು ಮೂರು ವಾರದವರೆಗೂ ಹೆಬ್ಬೆರಳು ಗಾತ್ರ ಹರಿಯುತ್ತಿರುತ್ತದೆ. ಗೋಡೆ ಮೇಲಿನ ಪೆನ್ಸಿಲ್ ಗೆರೆ ಇದ್ದಲ್ಲೇ ಇದೆ. ಚೆರ್ರಿ ಚೀಲಗಳನ್ನು ಈಗ ಗೋಡೆಯಿಂದ ಎರಡಡಿ ಬಿಟ್ಟು ಅಟ್ಟಿ ಹಾಕುತ್ತೇವೆ.